ಕಿಟಕಿ ಅಕ್ಕನ ತಂಗಿ

ಪುಟ್ಟಿ ಎಲ್ಲರಿಗೂ ಹೇಳಿದ್ದು ಚಳಿಯ ಕಾರಣವನ್ನೇ. ಅಣ್ಣನಿಗೆ ಫೋನು ಮಾಡಿದಾಗಲೂ ಅದನ್ನೇ ಹೇಳಿದಳು.

"ಮುಂದಿನ ಕೋಣೆ ಕಿಟಕಿಗೆ ಒಳಗಡೆಯಿಂದ ಬಾಗಿಲಿನ ಥರ ಶಟರ್ ಹಾಕಿಸ್ತೀನಿ ಅಣ್ಣ. ಚಳಿ ತಡೆಯೋಕಾಗ್ತಿಲ್ಲ."

"ಹಾಕಿಸು ಪುಟ್ಟಿ. ಇಷ್ಟು ವರ್ಷ ಅದು ಹೇಗೆ ಸುಮ್ಮನಿದ್ರೋ ನೀವು" ಎಂದ ಅಣ್ಣ. ಹೇಗೆ ಸುಮ್ಮನಿದ್ದರು ಎನ್ನುವುದು ಅವನಿಗೆ ಗೊತ್ತಿಲ್ಲದ್ದೇನಲ್ಲ. ಆ ಕಿಟಕಿಗೆ ಒಂದು ತೆಳು ಪರದೆ ಹಾಕುವುದಕ್ಕೂ ಅಕ್ಕ ಬಿಟ್ಟಿರಲಿಲ್ಲ.

ಐವತ್ತು ದಾಟಿದವಳನ್ನು ಪುಟ್ಟಿ ಎಂದು ಕರೆಯುವವನು ಈಗ ಉಳಿದಿರುವುದು ಆ ಅಣ್ಣನೊಬ್ಬನೇ. ಮೂವರಲ್ಲಿ ಅಕ್ಕ ದೊಡ್ಡವಳು, ಅಣ್ಣ ನಡುವಿನವನು, ಇವಳು ಕೊನೆಯವಳು. ಅಣ್ಣ ಮದುವೆಯಾಗಿ ಊರಿನ ಇನ್ನೊಂದು ತುದಿಗೆ ಹೋದ ಮೇಲೆ ಅಕ್ಕತಂಗಿಯರಿಬ್ಬರೇ ಈ ಮಹಡಿ ಮನೆಯಲ್ಲಿ ಉಳಿದರು. ಮುಂದಿನ ಕೋಣೆಯಲ್ಲಿ ಗೋಡೆಯನ್ನು ಬಿಟ್ಟು ಬೀದಿಯ ಮೇಲೆ ಹೊಟ್ಟೆ ಚಾಚಿಕೊಂಡಂತೆ ಒಂದು ಮೂರು ಮೈಯ ಕಿಟಕಿ. ನಡುವಿನದು ಅಗಲ, ಅಕ್ಕಪಕ್ಕದ ಎರಡು ಓರೆ. ಅದರ ಹೊಟ್ಟೆಯೊಳಗೆ ಸರಿಯಾಗಿ ಒಂದು ಕುರ್ಚಿ ಹಿಡಿಸುತ್ತದೆ. ಅದರಲ್ಲಿ ಕೂತರೆ ಬೀದಿಯ ಆ ತುದಿಯಿಂದ ಈ ತುದಿಯವರೆಗೆ ಒಂದು ಬೆಕ್ಕು ದಾಟಿದರೂ ಗೊತ್ತಾಗುತ್ತದೆ.

ಅಕ್ಕ ಮೊದಲು ಬಸ್ ನಿಲ್ದಾಣದ ಟಿಕೆಟ್ ಕೌಂಟರಿನಲ್ಲಿ ಕೂರುತ್ತಿದ್ದವಳು. ಸೊಂಟ ಕೈಕೊಟ್ಟು ಮನೆ ಸೇರಿದ ಮೇಲೆ ಆ ಕೌಂಟರನ್ನೇ ಹೊತ್ತು ತಂದವಳ ಹಾಗೆ ಕಿಟಕಿಯಲ್ಲಿ ಕೂತಳು. ಹಾಗೆ ಕೂತವಳು ಸಾಯುವವರೆಗೂ ಏಳಲಿಲ್ಲ ಎಂದರೂ ತಪ್ಪಾಗದು. ಶಾಲೆಗೆ ಹೋಗುವ ಮಕ್ಕಳು ಮೇಲೆ ನೋಡಿ ಕೈ ಬೀಸುವರು, ಅಕ್ಕ ಬೀಸುವಳು. ಬಸ್ಸಿನ ಡ್ರೈವರ್ ತಿರುವಿನಲ್ಲಿ ಸಣ್ಣಗೆ ಹಾರನ್ ಒತ್ತುವನು, ಅಕ್ಕ ಕೈ ಎತ್ತುವಳು. ಯಾರದಾದರೂ ಕೊಡೆ ಮರೆತರೆ, ಯಾರ ಮಗುವಾದರೂ ಬೀದಿಗೆ ಓಡಿದರೆ ಮೇಲಿನಿಂದಲೇ ಕೂಗಿ ಎಚ್ಚರಿಸುವಳು. ಬೀದಿಯವರಿಗೆಲ್ಲ ಅವಳು ಕಿಟಕಿ ಅಕ್ಕ. ಅವಳನ್ನು ಹಚ್ಚಿಕೊಳ್ಳದವರು ಆ ಬೀದಿಯಲ್ಲಿರಲಿಲ್ಲ.

ಮನೆಯೊಳಗಿನ ಅಕ್ಕ ಬೇರೆ. ಬೀದಿಗೆ ನಗುಮುಖ ತೋರಿಸಿ ತೋರಿಸಿ ದಣಿದವಳಿಗೆ ಒಳಗಿನವರಿಗೆ ಕೊಡಲು ಏನೂ ಉಳಿಯುತ್ತಿರಲಿಲ್ಲವೋ ಏನೋ. ಪುಟ್ಟಿಯದು ಬಟ್ಟೆ ರಿಪೇರಿ ಕೆಲಸ. ಪ್ಯಾಂಟು ಗಿಡ್ಡ ಮಾಡುವುದು, ಕೋಟಿನ ಒಳಪದರ ಬದಲಿಸುವುದು, ಹರಿದದ್ದನ್ನು ಗುರುತು ಸಿಗದ ಹಾಗೆ ಕೂಡಿಸುವುದು. ಮೂಲೆಯ ಲಾಂಡ್ರಿಯವನು ಕೊಟ್ಟ ಬಟ್ಟೆಗಳನ್ನು ಚೀಲದಲ್ಲಿ ತುಂಬಿಕೊಂಡು ಹಿಂದಿನ ಓಣಿಯ ಮೆಟ್ಟಿಲಿನಿಂದ ಹತ್ತುವಳು, ಮುಗಿದದ್ದನ್ನು ಅದೇ ದಾರಿಯಲ್ಲಿ ಕೊಟ್ಟು ಬರುವಳು. ಕಿಟಕಿ ಅಕ್ಕನಿಗೆ ಒಬ್ಬ ತಂಗಿ ಇದ್ದಾಳೆಂದು ಬೀದಿಯವರಿಗೆ ಕೇಳಿ ಗೊತ್ತಿತ್ತೇ ಹೊರತು ನೋಡಿ ಗೊತ್ತಿರಲಿಲ್ಲ. ಕಪ್ಪು ಬಟ್ಟೆಗೆ ಕಪ್ಪು ನೂಲು ಹಾಕುವಾಗ ಹಗಲು ಬೆಳಕು ಬೇಕೇ ಬೇಕು. ಆಗ ಬಟ್ಟೆ ಹಿಡಿದುಕೊಂಡು ಕಿಟಕಿಯ ಹತ್ತಿರ ಬಂದರೆ ಅಕ್ಕ ತಲೆ ತಿರುಗಿಸದೆಯೇ ಹೇಳುವಳು: "ಪುಟ್ಟೀ, ನೆರಳು."

ಅಷ್ಟು ಸಾಕು. ಪುಟ್ಟಿ ಹಿಂದಿನ ಕೋಣೆಗೆ ಹೋಗಿ ಟ್ಯೂಬ್‌ಲೈಟಿನ ಕೆಳಗೆ ಕಣ್ಣು ಕಿರಿದು ಮಾಡಿಕೊಂಡು ಕೂರುವಳು.

ಹೋದ ವರ್ಷ ಚಳಿ ಮುಗಿಯುವ ಹೊತ್ತಿಗೆ ಅಕ್ಕ ಆ ಕುರ್ಚಿಯಲ್ಲೇ ಹೋಗಿಬಿಟ್ಟಳು. ಬೀದಿ ಪೂರ್ತಿ ಬಂದಿತ್ತು. ಅಣ್ಣ ಅತ್ತಿಗೆ ಬಾಗಿಲಲ್ಲಿ ನಿಂತು ಬಂದವರನ್ನು ಮಾತಾಡಿಸಿದರು. ಪುಟ್ಟಿ ಹಿಂದಿನ ಕೋಣೆಯಲ್ಲಿ ಕೂತಿದ್ದಳು. ಯಾರೋ ಅಡುಗೆಯವಳು ಅಂದುಕೊಂಡು ಅವಳನ್ನು ಒಂದು ಲೋಟ ನೀರು ಕೇಳಿದರು. ತಂದುಕೊಟ್ಟಳು.

ಒಂದಷ್ಟು ತಿಂಗಳು ಆ ಕುರ್ಚಿಯ ಹತ್ತಿರವೂ ಅವಳು ಸುಳಿಯಲಿಲ್ಲ. ಮತ್ತೆ ಚಳಿ ಶುರುವಾಗಿ ಹಗಲು ಗಿಡ್ಡವಾದಾಗ, ಒಂದು ಕರೀ ಉಣ್ಣೆಯ ಕೋಟು ಕೈಗೆ ಬಂತು. ಟ್ಯೂಬ್‌ಲೈಟಿನಲ್ಲಿ ಅದರ ಎಳೆ ಕಾಣಿಸುತ್ತಿರಲಿಲ್ಲ. ಪುಟ್ಟಿ ಧೈರ್ಯ ಮಾಡಿ ಕಿಟಕಿಗೆ ಹೋಗಿ ಕುರ್ಚಿಯ ಅಂಚಿನಲ್ಲಿ ಕೂತಳು. ಗಾಜಿನ ಸಂದುಗಳಿಂದ ಗಾಳಿ ಬಂದು ಕುತ್ತಿಗೆಗೆ ತಾಗಿತು. ಕುರ್ಚಿಯ ಬೆನ್ನಿಗೆ ಅಕ್ಕನ ಬೂದು ಶಾಲು ಹಾಗೇ ಇತ್ತು, ಎಳೆದು ಹೊದ್ದುಕೊಂಡಳು. ಬೆಳಕು ಎಷ್ಟು ಚೆನ್ನಾಗಿತ್ತೆಂದರೆ ಅವಳಿಗೆ ಅಳು ಬರುವಂತಾಯಿತು. ಸೂಜಿಗೆ ನೂಲು ಪೋಣಿಸಿ ಮೊದಲ ಹೊಲಿಗೆ ಹಾಕಿದಳು.

"ಪುಟ್ಟೀ, ನೆರಳು."

ಬೆನ್ನ ಹಿಂದೆಯೇ. ಗಾಳಿಯಷ್ಟು ಹತ್ತಿರ. ಪುಟ್ಟಿ ತಟ್ಟನೆ ಪಕ್ಕಕ್ಕೆ ಸರಿದು ಬೆಳಕಿಗೆ ದಾರಿ ಬಿಟ್ಟಳು. ಬಿಟ್ಟ ಮೇಲೆ ಯಾರಿಗೆ ಬಿಟ್ಟೆ ಎಂದು ಯೋಚಿಸಿದಳು. ಆದರೂ ಎದ್ದು ಹೋಗಲಿಲ್ಲ. ಅರ್ಧ ಕುರ್ಚಿಯಲ್ಲಿ ಕೂತು ಕೋಟು ಮುಗಿಸಿದಳು, ಉಳಿದರ್ಧ ಅಕ್ಕನಿಗೆ.

ಅದೇ ಅಭ್ಯಾಸವಾಯಿತು. ದಿನಾ ಕೂರುವಳು, ದಿನಾ ಹೆದರುವಳು. ಸಂಜೆ ಹೊರಗೆ ಕತ್ತಲು ಕವಿಯುತ್ತಿದ್ದಂತೆ ಮೂರು ಗಾಜಿನಲ್ಲೂ ಒಬ್ಬೊಬ್ಬ ಹೆಂಗಸು ಮೂಡುವಳು: ಅದೇ ಬೈತಲೆ, ಅದೇ ಬೂದು ಶಾಲು, ಅದೇ ಬಾಗಿದ ಹೆಗಲು. ತನ್ನದೇ ಬಿಂಬ ಎಂದು ಎಷ್ಟು ಹೇಳಿಕೊಂಡರೂ, ಮೂವರಲ್ಲಿ ಎಡಗಡೆಯವಳು ತಾನು ತಲೆ ಎತ್ತಿದ ಮೇಲೆ ಒಂದು ಗಳಿಗೆ ತಡವಾಗಿ ತಲೆ ಎತ್ತುತ್ತಾಳೆ ಎಂದು ಅನ್ನಿಸುವುದು ತಪ್ಪುತ್ತಿರಲಿಲ್ಲ.

ಬೀದಿಯವರೂ ಬದಲಾದರು. ಬ್ರೆಡ್ಡಿನವನು ಸೈಕಲ್ ತುಳಿಯುತ್ತ ರೂಢಿಯಂತೆ ಮೇಲೆ ನೋಡಿ ಕೈ ಎತ್ತಿದವನು ಅರ್ಧದಲ್ಲೇ ಇಳಿಸಿ ಮುಖ ತಿರುಗಿಸಿದ. ಒಂದು ಸಂಜೆ ಶಾಲೆಯ ಹುಡುಗಿಯೊಬ್ಬಳು ದೀಪದ ಕಂಬದ ಕೆಳಗೆ ನಿಂತು ಕಿಟಕಿಯನ್ನೇ ನೋಡಿದಳು, ಬಾಯಿ ತೆರೆದಳು, ಕೈಯಲ್ಲಿದ್ದ ಕೊಡೆ ಅಲ್ಲೇ ಬಿಟ್ಟು ಓಡಿದಳು. ಪುಟ್ಟಿಗೆ ಆಗ ಸಂಶಯವೇ ಉಳಿಯಲಿಲ್ಲ. ಇವರೆಲ್ಲ ನೋಡುತ್ತಿರುವುದು ತನ್ನ ಹಿಂದೆ ನಿಂತವಳನ್ನು. ಸರ್ರನೆ ತಿರುಗಿದಳು. ಬಟ್ಟೆಯ ಬೀರು, ಅದರ ಮೇಲೆ ಹಳೆಯ ಸೂಟ್‌ಕೇಸು, ಬೇರೇನೂ ಇಲ್ಲ.

ಮರುದಿನವೇ ಶಟರ್ ಕಂಪನಿಗೆ ಫೋನು ಮಾಡಿದಳು.

ಕಂಪನಿಯಿಂದ ಬಂದದ್ದು ಒಬ್ಬ ದಪ್ಪನೆಯ ಗೆಲುವಿನ ಹೆಂಗಸು. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ, ದೊಡ್ಡ ಪೆಟ್ಟಿಗೆ ತೆರೆದು, ಗೊಂಬೆಮನೆಯ ಬಾಗಿಲುಗಳಂಥ ಮಾದರಿಗಳನ್ನು ಒಂದೊಂದಾಗಿ ಮೇಜಿನ ಮೇಲೆ ನಿಲ್ಲಿಸಿದಳು. ಅತ್ತಿಗೆಯೂ ಅವತ್ತು ಬಂದಿದ್ದಳು. ಮನೆಗೆ ಏನೇ ಕೊಂಡರೂ ಆರಿಸುವುದಕ್ಕೆ ತಾನಿರಬೇಕು ಎನ್ನುವುದು ಅವಳ ನಂಬಿಕೆ.

"ಈ ಬಿಳೀದು ತಗೋ" ಎಂದಳು ಅತ್ತಿಗೆ, ಓರೆ ಪಟ್ಟಿಗಳ ಮಾದರಿ ತೋರಿಸಿ. "ನಮ್ಮ ಹಲ್ಲಿನ ಡಾಕ್ಟರ ಕ್ಲಿನಿಕ್ಕಲ್ಲಿ ಇದೇ ಇರೋದು. ಎಷ್ಟು ಚೆಂದ ಅಂದ್ರೆ, ಹಲ್ಲು ಕೀಳಿಸ್ಕೊಂಡ್ರೂ ಬೇಜಾರಾಗಲ್ಲ."

ಶಟರಿನವಳು ನಕ್ಕಳು. "ಚೆಂದ ಏನೋ ಹೌದು. ಪಟ್ಟಿ ತಿರುಗಿಸಿ ಬೆಳಕು ಬೇಕಾದಷ್ಟೇ ಬಿಟ್ಕೋಬಹುದು. ಆದ್ರೆ ಪಟ್ಟಿ ಪಟ್ಟಿ ಮಧ್ಯೆ ಗಾಳಿ ನುಸುಳುತ್ತೆ. ಚಳಿಗೇ ಅಂತ ಹಾಕಿಸೋದಾದ್ರೆ ಇದು ನೋಡಿ." ದಪ್ಪ ಹಲಗೆಯ ಮಾದರಿಯೊಂದನ್ನು ಪುಟ್ಟಿಯ ಕೈಗೆ ಕೊಟ್ಟಳು. ಕಂಡಷ್ಟು ಭಾರವಿರಲಿಲ್ಲ. "ಎರಡು ಹಲಗೆ ನಡುವೆ ಜೇನುಗೂಡಿನ ಥರ ಪದರ ಇದೆ. ಗಾಳಿ ಅದರಲ್ಲೇ ಸಿಕ್ಕಿಹಾಕ್ಕೊಳ್ಳುತ್ತೆ. ಒಳಗಿನ ಬಿಸಿ ಹೊರಗೆ ಹೋಗಲ್ಲ, ಹೊರಗಿನ ಚಳಿ ಒಳಗೆ ಬರಲ್ಲ. ಅಂಚಿಗೆಲ್ಲ ಉಣ್ಣೆ ಪಟ್ಟಿ."

"ಕೋಟಿನ ಒಳಪದರದ ಹಾಗೆ" ಎಂದಳು ಪುಟ್ಟಿ.

"ಹಾಗೇ ಅಂದ್ಕೊಳ್ಳಿ."

"ಹೊರಗಿನಿಂದ ಒಳಗಿರೋರು ಕಾಣ್ತಾರಾ?"

"ಮುಚ್ಚಿದ್ರೆ ಏನೂ ಕಾಣಲ್ಲ. ಬೆಳಿಗ್ಗೆ ತೆರೆದು ಪಕ್ಕಕ್ಕೆ ಮಡಚಿ ಇಡ್ತೀರ, ಸಂಜೆ ಮುಚ್ತೀರ."

"ತೆರೆಯೋದೇ ಇಲ್ಲ ಅಂದ್ರೆ?"

"ತೆರೆಯೋದೇ ಇಲ್ಲ ಅಂದ್ರೆ ಗೋಡೆನೇ ಕಟ್ಟಿಸಿಬಿಡಿ, ನಾನ್ಯಾಕೆ?" ಎಂದು ನಕ್ಕವಳು ಪುಟ್ಟಿಯ ಮುಖ ನೋಡಿ ನಗು ನಿಲ್ಲಿಸಿದಳು. "ಹಾಗೆ ಮಾಡ್ಬೇಡಿ. ಗಾಜು ಬೆವರುತ್ತೆ. ನೀರು ಇಳಿದು ಚೌಕಟ್ಟು ಕೊಳೆಯುತ್ತೆ. ದಿನಕ್ಕೊಂದು ಸಲ ತೆರೀಲೇಬೇಕು."

"ಆಗಲಿ" ಎಂದಳು ಪುಟ್ಟಿ. ಮನಸ್ಸಿನಲ್ಲಿ, ಕೊಳೆತರೆ ಕೊಳೆಯಲಿ ಎಂದುಕೊಂಡಳು. ಮೂರು ಮೈಗೂ ಮೇಲಿನಿಂದ ಕೆಳಗಿನವರೆಗೆ ಇಡೀ ಹಲಗೆಯದೇ ಹಾಕಿ ಎಂದಳು. "ಗೋದಾಮಿನ ಹಾಗೆ ಕಾಣುತ್ತೆ" ಎಂದು ಅತ್ತಿಗೆ ಮುಖ ಸಿಂಡರಿಸಿದರೂ ಕೇಳಲಿಲ್ಲ. ಅತ್ತಿಗೆಯ ಮಾತನ್ನು ಅವಳು ಮೀರಿದ್ದು ಅದೇ ಮೊದಲು.

ಅಳತೆಗೆಂದು ಶಟರಿನವಳು ಮತ್ತೊಂದು ದಿನ ಬೆಳಿಗ್ಗೆ ಬಂದಳು. ಹಳೆಯ ಮನೆ, ಯಾವ ಮೂಲೆಯೂ ನೆಟ್ಟಗಿಲ್ಲ. ಓರೆಗೆ ಓರೆ ಹೊಂದಿಸಿ ಅಳೆಯಬೇಕು. "ಈ ಕುರ್ಚಿ ಸ್ವಲ್ಪ ಆಚೆ ಇಡೋಣ್ವಾ? ಬಾಗಿಲು ಒಳಗೆ ಮಡಚಿಕೊಳ್ಳೋಕೆ ಜಾಗ ಬೇಕು" ಎಂದಳು. ಪುಟ್ಟಿಗೆ ಕೈ ಬರಲಿಲ್ಲ. ಶಟರಿನವಳೇ ಎಳೆದಿಟ್ಟಳು. ಕುರ್ಚಿಯ ಕಾಲಿದ್ದ ಕಡೆ ನೆಲಹಾಸಿನಲ್ಲಿ ಆಳವಾದ ಗುಳಿಗಳು ಉಳಿದವು. ಅಷ್ಟರಲ್ಲಿ ಮುಂಬಾಗಿಲ ಗಂಟೆ ಹೊಡೆಯಿತು. ಅಕ್ಕ ಹೋದ ಮೇಲೆ ಬೀದಿಯವರು ಯಾರೂ ಆ ಗಂಟೆಯನ್ನು ಒತ್ತಿರಲಿಲ್ಲ.

ಬಂದವಳು ಎದುರುಮನೆಯ ಸೊಸೆ. ಕೈ ಇನ್ನೂ ಒದ್ದೆಯಿತ್ತು, ಪಾತ್ರೆ ತೊಳೆಯುತ್ತಿದ್ದವಳು ಹಾಗೇ ಓಡಿ ಬಂದಿದ್ದಳು.

"ಆಂಟಿ, ತಪ್ಪು ತಿಳ್ಕೋಬೇಡಿ. ಕೆಳಗೆ ಶಟರ್ ವ್ಯಾನು ನೋಡಿದೆ. ಕಿಟಕಿ ಮುಚ್ಚಿಸ್ತಿದ್ದೀರಾ?"

"ಚಳಿ" ಎಂದಳು ಪುಟ್ಟಿ.

"ಹೌದು, ಚಳಿ ಇದೆ." ಸೊಸೆ ಸೆರಗಿಗೆ ಕೈ ಒರೆಸಿಕೊಂಡಳು. ಎಲ್ಲಿಂದ ಶುರು ಮಾಡಬೇಕೆಂದು ಅವಳಿಗೆ ತಿಳಿಯುತ್ತಿರಲಿಲ್ಲ. "ನಮ್ಮ ಮಾವನವರು ಮೇಲಿನ ಕೋಣೇಲಿ ಮಲಗಿದ್ದಾರೆ. ಎದ್ದು ಓಡಾಡೋ ಹಾಗಿಲ್ಲ. ಅವರ ಮಂಚದಿಂದ ನಿಮ್ಮ ಕಿಟಕಿ ಒಂದೇ ಕಾಣೋದು. ನಿಮ್ಮಕ್ಕ ಇದ್ದಾಗ ದಿನಾ ಕೈ ಬೀಸ್ತಿದ್ರು, ಇವರೂ ಬೀಸ್ತಿದ್ರು. ಅದಾದ್ಮೇಲೇ ಇವರು ತಿಂಡಿ ಮುಟ್ತಿದ್ದಿದ್ದು. ಅಕ್ಕ ಹೋದ್ಮೇಲೆ ತುಂಬ ಕಷ್ಟ ಆಯ್ತು ಆಂಟಿ. ಒಂದು ತುತ್ತು ಇಳೀತಿರಲಿಲ್ಲ. ಈಗ ಚಳಿಗಾಲದಲ್ಲಿ ನೀವು ಕೂರೋಕೆ ಶುರು ಮಾಡಿದ್ರಲ್ಲ, ಮತ್ತೆ ಸರಿಹೋದ್ರು. ನೀವು ಕೈ ಎತ್ತಿದ ಕೂಡ್ಲೆ ಅವರೂ ಎತ್ತುತ್ತಾರೆ."

"ನಾನು ಕೈ ಎತ್ತಿಲ್ಲ" ಎಂದಳು ಪುಟ್ಟಿ. "ನಾನು ಯಾವತ್ತೂ ನಿಮ್ಮ ಮನೆ ಕಡೆ ನೋಡಿಲ್ಲ. ತಲೆ ಬಗ್ಗಿಸಿ ಹೊಲೀತಿರ್ತೀನಿ."

"ಎತ್ತುತ್ತೀರ ಆಂಟಿ. ಒಂದು ಸಲ ಅಲ್ಲ, ಮತ್ತೆ ಮತ್ತೆ."

ಸೊಸೆ ಬಲಗೈಯನ್ನು ಮಡಿಲಿನಿಂದ ಮೇಲೆ, ಕಿವಿಯ ಪಕ್ಕಕ್ಕೆ, ಇನ್ನೂ ಮೇಲೆ ಒಯ್ದು ತೋರಿಸಿದಳು. ಪುಟ್ಟಿಗೆ ಕೂಡಲೇ ಗೊತ್ತಾಯಿತು. ಅದು ನೂಲು ಎಳೆಯುವ ಕೈ. ಮತ್ತೆ ಮತ್ತೆ ಪೋಣಿಸುವ ತಾಪತ್ರಯ ಬೇಡವೆಂದು ಅವಳು ಯಾವಾಗಲೂ ಉದ್ದ ನೂಲು ಹಾಕುತ್ತಿದ್ದಳು. ಪ್ರತಿ ಹೊಲಿಗೆಗೂ ಸೂಜಿ ಹಿಡಿದ ಕೈ ಅಷ್ಟು ಮೇಲೆ ಹೋಗಿ ಬರಬೇಕಿತ್ತು.

ಬ್ರೆಡ್ಡಿನವನೂ ಆ ಶಾಲೆಯ ಹುಡುಗಿಯೂ ನೋಡಿದ್ದು ಇದನ್ನೇ. ಸತ್ತವಳ ಕುರ್ಚಿಯಲ್ಲಿ ಸತ್ತವಳ ಶಾಲು ಹೊದ್ದವಳೊಬ್ಬಳು ತಲೆ ಎತ್ತದೆ ಬೀದಿಗೆಲ್ಲ ನಿಧಾನವಾಗಿ ಕೈ ಬೀಸುತ್ತಿದ್ದಾಳೆ. ಇಷ್ಟು ದಿನ ತಾನು ಯಾವುದಕ್ಕೆ ಹೆದರುತ್ತಿದ್ದೆನೋ ಅದು ತಾನೇ. ಪುಟ್ಟಿ ಆಚೆ ಎಳೆದಿಟ್ಟ ಕುರ್ಚಿಯಲ್ಲೇ ಕೂತುಬಿಟ್ಟಳು.

"ಒಂದು ಸಲ ಬಂದು ನೋಡಿ ಆಂಟಿ" ಎಂದಳು ಸೊಸೆ. ಶಟರಿನವಳು ಅಳತೆಪಟ್ಟಿ ಕೈಯಲ್ಲಿ ಹಿಡಿದುಕೊಂಡೇ, "ಹೋಗಿ ಬನ್ನಿ, ನಂಗೆ ಈ ಮೂಲೆಗಳ ಹತ್ರ ಇನ್ನೂ ಜಗಳ ಇದೆ" ಎಂದಳು.

ಎಷ್ಟೋ ವರ್ಷಗಳ ಮೇಲೆ ಪುಟ್ಟಿ ಮುಂಬಾಗಿಲಿನಿಂದ ಬೀದಿಗೆ ಇಳಿದು, ಬೀದಿಯನ್ನು ದಾಟಿದಳು.

ಎದುರುಮನೆಯ ಮುದುಕ ದಿಂಬಿಗೆ ಒರಗಿ ಕೂತಿದ್ದರು. ಯಾರು ಬಂದರೆಂದು ತಿರುಗಿ ನೋಡಲಿಲ್ಲ. "ನರ್ಸಮ್ಮ, ಸೂಜಿ ಆಮೇಲೆ ಚುಚ್ಚಿ. ಅಲ್ಲಿ ಯಾರೋ ಕುರ್ಚಿ ಎತ್ತಿಬಿಟ್ಟಿದ್ದಾರೆ" ಎಂದರು.

ಪುಟ್ಟಿ ಅವರ ಕಣ್ಣು ಹೋದ ಕಡೆಗೆ ನೋಡಿದಳು. ತನ್ನ ಮನೆಯನ್ನು ಅವಳು ಹೊರಗಿನಿಂದ ಸರಿಯಾಗಿ ನೋಡಿದ್ದು ಅದೇ ಮೊದಲು. ಮೂರು ಗಾಜಿನ ಆ ಗೂಡಿನೊಳಗೆ ಶಟರಿನವಳು ಬಗ್ಗಿ ಎದ್ದು ಮಾಡುತ್ತಿದ್ದಳು.

"ಗುಡಿಸ್ತಿರಬೇಕು ಮಾವ. ಆಮೇಲೆ ಬಂದು ಕೂರ್ತಾರೆ" ಎಂದಳು ಸೊಸೆ.

"ಕೂರ್ಲಿ, ಕೂರ್ಲಿ. ಪಾಪ, ಒಬ್ಬರೇ ಆಗಿಬಿಟ್ರು. ತಂಗಿ ಹೋಗಿಬಿಟ್ಟಳಲ್ಲ ಹೋದ ವರ್ಷ."

ಸೊಸೆ ಪುಟ್ಟಿಯ ಮುಖ ನೋಡಲಾರದೆ ನೆಲ ನೋಡಿದಳು. ಮುದುಕರು ತಮ್ಮಷ್ಟಕ್ಕೇ ಹೇಳುತ್ತ ಹೋದರು. "ಶವ ತಗೊಂಡು ಹೋಗಿದ್ದು ನಾನೇ ಇಲ್ಲಿಂದ ನೋಡಿದೆ. ಅಕ್ಕನೇ ಹೋದ್ರೇನೋ ಅಂತ ಎದೆ ಒಡೆದುಹೋಗಿತ್ತು. ಆಮೇಲೆ ನೋಡಿದ್ರೆ ಅಕ್ಕ ಕೂತಿದ್ದಾರೆ. ಓ, ಹಾಗಾದ್ರೆ ತಂಗಿ ಅಂತ ಗೊತ್ತಾಯ್ತು. ನಾನು ಆ ಹುಡುಗೀನ ನೋಡೇ ಇಲ್ಲ. ಕೆಲಸ ನೋಡಿದ್ದೀನಿ. ಏನಾದ್ರೂ ಹೊಲಿದು ಮುಗಿಸಿದ್ರೆ ಅಕ್ಕ ಗಾಜಿಗೆ ಹಿಡಿದು ನಂಗೆ ತೋರಿಸೋರು. ಹೀಗೆ, ಎರಡೂ ಕೈಯಲ್ಲಿ. ಎಲ್ಲಿ ಹರಿದಿತ್ತು ಹುಡುಕಿ ಅಂತ ಸನ್ನೆ ಮಾಡೋರು. ನಂಗೆಲ್ಲಿ ಸಿಗಬೇಕು! ನಗೋರು."

'ಮುಗಿದದ್ದು ಇಲ್ಲಿ ಕೊಡು' ಎಂದು ಅಕ್ಕ ಕೈಚಾಚುತ್ತಿದ್ದುದು ನಿಜ. ತಪ್ಪು ಹುಡುಕುವುದಕ್ಕೆಂದೇ ಬೆಳಕಿಗೆ ಹಿಡಿಯುತ್ತಾಳೆ ಎಂದು ತಿಳಿದು, ಕೊಟ್ಟವಳು ಹಿಂದಿನ ಕೋಣೆಗೆ ಓಡಿಬಿಡುತ್ತಿದ್ದಳು. ಚೆನ್ನಾಗಿದೆ ಎಂದು ಅಕ್ಕ ಒಂದು ದಿನವೂ ಅವಳಿಗೆ ಹೇಳಿರಲಿಲ್ಲ. ಎದುರುಮನೆಗೆ ಸನ್ನೆ ಮಾಡಿ ಹೇಳಿದವಳಿಗೆ ಒಳಮನೆಗೆ ಒಂದು ಮಾತು ಹೇಳಲು ಏನಾಗಿತ್ತು? ಸತ್ತವಳ ಮೇಲೆ ಅವಳಿಗೆ ಅಷ್ಟು ಸಿಟ್ಟು ಬಂದದ್ದು ಅವತ್ತೇ.

ಮನೆಗೆ ಬಂದು ಶಟರಿನವಳಿಗೆ ಹೇಳಿದಳು: "ನಡುವಿನದನ್ನ ಎರಡು ತುಂಡು ಮಾಡಿ. ಕೆಳಗಿಂದು ಬೇರೆ, ಮೇಲಿಂದು ಬೇರೆ."

"ಹಾಗೆ ಮಾಡಿದ್ರೆ ನಡುವೆ ಕೂಡೋ ಕಡೆ ಸ್ವಲ್ಪ ಗಾಳಿ ಬರುತ್ತೆ. ಉಣ್ಣೆ ಪಟ್ಟಿ ಹಾಕಿದ್ರೂ ಬರುತ್ತೆ."

"ಬರಲಿ."

ಶಟರುಗಳು ಬಂದು ಕೂತವು. ಸಂಜೆ ಮುಚ್ಚಿದರೆ ಕೋಣೆ ಬೆಚ್ಚಗೆ ಗವ್ವೆನ್ನುವುದು, ಗಾಜಿನ ಮೂವರು ಹೆಂಗಸರು ಹಲಗೆಯ ಆಚೆಗೇ ಉಳಿಯುವರು. ಬೆಳಿಗ್ಗೆ ಪುಟ್ಟಿ ನಡುವಿನ ಕೆಳಗಿನ ಬಾಗಿಲು ತೆರೆದು ಕೂರುವಳು. ಮೊದಲ ದಿನ ಅವಳಿಗೆ ಕೈ ಎತ್ತಲಾಗಲಿಲ್ಲ. ನೋಡುತ್ತಿದ್ದಾರೆ ಎಂದು ಗೊತ್ತಾದ ಮೇಲೆ ಕೈ ತನ್ನದಲ್ಲ ಎನ್ನಿಸಿತು. ನೂಲನ್ನು ಗಿಡ್ಡ ಕತ್ತರಿಸಿ, ಮೊಣಕಾಲ ಮೇಲೆಯೇ ಕೈ ಆಡಿಸಿ ಹೊಲಿದಳು. ಮಧ್ಯಾಹ್ನ ಎದುರಿನ ಬಾಲ್ಕನಿಗೆ ಸೊಸೆ ಬಂದು ಮುಟ್ಟದ ತಟ್ಟೆಯನ್ನು ಸುಮ್ಮನೆ ಎತ್ತಿ ತೋರಿಸಿದಳು. ಮರುದಿನ ಪುಟ್ಟಿ ಮತ್ತೆ ಉದ್ದ ನೂಲು ಪೋಣಿಸಿದಳು. ಕೈ ಮೇಲೆ ಹೋಯಿತು. ಎದುರಿನ ಕಿಟಕಿಯಲ್ಲಿ ಒಣಕಲು ಕೈಯೊಂದು ಮೇಲೆದ್ದು ಅಲ್ಲಾಡಿತು. ಆ ಕೈ ಯಾರಿಗೆ ಬೀಸಿದ್ದೆಂದು ಅವಳಿಗೆ ಗೊತ್ತಿತ್ತು, ತಾನು ಅಕ್ಕನ ಜಾಗದಲ್ಲಿ ಕೂತಿರುವುದೂ ಗೊತ್ತಿತ್ತು. ಹೀಗೆಯೇ ಚಳಿಗಾಲವನ್ನು ದಾಟಿಸಿದಳು.

ಬಿಸಿಲು ಬರುವ ಹೊತ್ತಿಗೆ ಮುದುಕರಿಗೆ ಉಸಿರಾಟ ಕಷ್ಟವಾಗಿ, ಮಗಳ ಊರಿನ ದೊಡ್ಡ ಆಸ್ಪತ್ರೆಗೆ ಒಯ್ಯುವುದೆಂದಾಯಿತು. ಬೆಳಿಗ್ಗೆ ಆಂಬುಲೆನ್ಸ್ ಬಂತು. ಹೋಗುವ ಮೊದಲು ಕಿಟಕಿ ಅಕ್ಕನಿಗೆ ಹೇಳಿ ಹೋಗಬೇಕು ಎಂದು ಅವರು ಹಟ ಹಿಡಿದಿದ್ದಾರೆಂದು ಸೊಸೆ ಬಂದು ಹೇಳಿದಳು. "ಏನ್ ಮಾಡ್ಲಿ ಆಂಟಿ? ನೀವು ಮೇಲಿಂದಲೇ ಕೈ ಬೀಸಿಬಿಟ್ರೂ ಸಾಕು."

"ಕೆಳಗೆ ಬರ್ತೀನಿ" ಎಂದಳು ಪುಟ್ಟಿ. ಶಾಲು ತೆಗೆದು ಕುರ್ಚಿಯ ಮೇಲೆ ಹಾಕಿ, ಮುಂಬಾಗಿಲಿನಿಂದ ಇಳಿದಳು.

ಆಂಬುಲೆನ್ಸಿನ ಹಿಂಬಾಗಿಲು ತೆರೆದಿತ್ತು. ಪುಟ್ಟಿ ಹತ್ತಿರ ಹೋಗಿ ಬಗ್ಗಿದಳು. "ನಾನು ಅಕ್ಕ ಅಲ್ಲ. ಅಕ್ಕನ ತಂಗಿ. ಹೊಲಿಗೆಯವಳು. ನಾನು ಸತ್ತಿಲ್ಲ" ಎಂದಳು.

ಮುದುಕರು ಅವಳ ಮುಖವನ್ನು ಬಹಳ ಹೊತ್ತು ನೋಡಿದರು. ಅವಳ ಕೈ ಹಿಡಿದು, ಸೂಜಿ ಚುಚ್ಚಿ ಚುಚ್ಚಿ ಗಟ್ಟಿಯಾದ ಬೆರಳ ತುದಿಯನ್ನು ಹೆಬ್ಬೆರಳಿನಿಂದ ಸವರಿದರು. ಮುಖ ಅರಳಿತು.

"ಸತ್ತಿಲ್ವಾ? ಒಳ್ಳೇದಾಯ್ತಮ್ಮ, ಎಷ್ಟು ಒಳ್ಳೇದಾಯ್ತು! ಅಕ್ಕನಿಗೆ ಈಗ ಜೀವ ಬಂದ ಹಾಗಾಗಿರಬೇಕು, ಅಲ್ವಾ?"

ಅಷ್ಟರಲ್ಲಿ ಮುದುಕರ ನೋಟ ಅವಳ ಹೆಗಲ ಮೇಲಿಂದ ಹಾದು ಮೇಲೆ, ಕಿಟಕಿಯ ಕಡೆಗೆ ಹೋಯಿತು. "ಅಗೋ" ಎಂದು ನಕ್ಕರು. ಕೈ ಎತ್ತಿ, ಮೆಲ್ಲಗೆ, ತೃಪ್ತಿಯಾಗುವಷ್ಟು ಹೊತ್ತು ಬೀಸಿದರು. ಪಕ್ಕದಲ್ಲಿ ನಿಂತಿದ್ದ ಸೊಸೆ ಕೂಡ ತಲೆ ಎತ್ತಿ ನೋಡಿದಳು, ನೋಡಿ ಕಣ್ಣು ಕೆಳಗಿಳಿಸಿದಳು. ಏನು ಕಂಡಿತೆಂದು ಅವಳು ಹೇಳಲಿಲ್ಲ, ಪುಟ್ಟಿ ಕೇಳಲಿಲ್ಲ. ತಿರುಗಿಯೂ ನೋಡಲಿಲ್ಲ. ಗಾಡಿ ತಿರುವು ದಾಟುವವರೆಗೆ ಬೀದಿಯನ್ನೇ ನೋಡುತ್ತ ನಿಂತಳು.

ಮೇಲೆ ಬಂದಾಗ ಎಲ್ಲ ಬಿಟ್ಟುಹೋದ ಹಾಗೇ ಇತ್ತು. ಅರ್ಧ ಹೊಲಿದ ಪ್ಯಾಂಟು, ಕುರ್ಚಿ, ಅದರ ಮೇಲೆ ಶಾಲು. ಪುಟ್ಟಿ ಮೆಲ್ಲಗೆ, "ಸ್ವಲ್ಪ ಸರ್ಕೋ" ಎಂದು ಹೇಳಿ, ಕುರ್ಚಿಯಲ್ಲಿ ಕೂತು ಕೆಲಸ ತೆಗೆದುಕೊಂಡಳು.